ಸಿಡ್ಸೆಲ್ ಅಜ್ಜಿಯ ಕೌದಿ

೧
ಎಲ್ಲಿಂದ ಶುರು ಮಾಡಲಿ? ಯೂಟಾದ ಸ್ಯಾನ್‌ಪೀಟ್ ಕಣಿವೆಯ ಈಗ ವಸ್ತುಸಂಗ್ರಹಾಲಯವಾಗಿರುವ ಆ ಹಳೆಯ ಕಲ್ಲುಮನೆಯಿಂದ ಎಂದುಕೊಂಡೆ. 'ನೂರೈವತ್ತು ವರ್ಷಗಳು ಆ ಗೋಡೆಗಳಲ್ಲಿ ಉಸಿರಾಡುತ್ತಿದ್ದವು' ಎಂದು ಬರೆದು, ನನಗೇ ನಾಚಿಕೆಯಾಗಿ ಹೊಡೆದುಹಾಕಿದೆ. ಉಸಿರಾಡುತ್ತಿದ್ದವರು ಒಳಗೆ ತುರುಕಿಕೊಂಡಿದ್ದ ಇಪ್ಪತ್ಮೂರು ಜನ ಸೊರೆನ್ಸನ್‌ಗಳು, ಎಲ್ಲರೂ ಒಂದೇ ಥರದ ಹಳದಿ ಟೀ ಶರ್ಟಿನಲ್ಲಿ.

೨
ಅವರನ್ನು ಈ ಪ್ರವಾಸಕ್ಕೆ ಹೊರಡಿಸಿದವಳು ಅದೇ ಮನೆತನದ ನೆಡ್ರಾ. ವಂಶದ ಚರಿತ್ರೆ ಬರೆಯುವ ಕೆಲಸ ಅವಳದು. (ನಮ್ಮಲ್ಲಿ ಪ್ರತಿ ಮನೆತನಕ್ಕೂ ಅಂಥ ಒಬ್ಬಳಿರುತ್ತಾಳೆ. ಕುಟುಂಬದ ಕೂಟಗಳ ಊಟಕ್ಕೆ ಹಸಿರು ಜೆಲ್ಲಿಗೆ ಕ್ಯಾರೆಟ್ ತುರಿಯುವ ಕೆಲಸವೂ ಅವಳ ತಲೆಗೇ.) ಮೂವತ್ತು ವರ್ಷದ ಹಿಂದೆ ಅವಳು ಬರೆದ ಪುಸ್ತಕದಲ್ಲಿ, ಡೆನ್ಮಾರ್ಕಿನಿಂದ ಬಂದು ಸಾಮಾನಿನ ಕೈಗಾಡಿ ಎಳೆದುಕೊಂಡು ಅಮೆರಿಕದ ಬಯಲು ದಾಟಿ ಆ ಮನೆಯಲ್ಲಿ ನೆಲೆಸಿದ, ವಂಶದ ಮೂಲಜ್ಜಿ ಸಿಡ್ಸೆಲ್, ಒಂದೇ ದಿನ ಬದುಕಿದ ಮಗುವನ್ನು ಮದುವೆಯ ಕೌದಿಯಲ್ಲಿ ಸುತ್ತಿ ಪ್ಲ್ಯಾಟ್ ನದಿಯ ದಡದಲ್ಲಿ ಹೂಳುತ್ತಾಳೆ. ಮರುದಿನ ಮತ್ತೆ ಗಾಡಿ ಎಳೆಯುತ್ತಾಳೆ.

ಆ ಮಗು ಹುಟ್ಟಿಯೇ ಇರಲಿಲ್ಲ. ಅಜ್ಜಿಯ ದಿನಚರಿಯಲ್ಲಿ ಹನ್ನೊಂದು ದಿನ ಏನೂ ಬರೆದಿರಲಿಲ್ಲ, ಅಷ್ಟೆ. ಖಾಲಿ ಬಿಡಲು ನೆಡ್ರಾಗೆ ಮನಸ್ಸಾಗಲಿಲ್ಲ. (ಕಥೆಗಾರ್ತಿಯಾಗಿ ನನಗಿಂತ ಎಷ್ಟೋ ವಾಸಿ.)

೩
ಈಗ ಅಜ್ಜಿಯ ಕಾಲದ ಬಾನೆಟ್ ಟೋಪಿ ತೊಟ್ಟ ಮಾರ್ಗದರ್ಶಿ ಮುದುಕಿ ಅದೇ ಕಥೆ ಹೇಳಿ, ಮಂಚದ ಮೇಲಿನ ಕೌದಿ ತೋರಿಸಿ, ಹೂತದ್ದರ ಜೋಡಿ ಇದೇ ಎಂದಳು. ಜೋಡಿಯ ವಿಷಯ ನೆಡ್ರಾ ಬರೆದೇ ಇರಲಿಲ್ಲ. ಸುಳ್ಳು ತಾನಾಗಿ ಮರಿ ಹಾಕಿತ್ತು.

ನಗು ಬಂದಿತೇ? ತಡೆಯಿರಿ. ನೆಡ್ರಾಳ ಮಗಳು ಬ್ರಿನ್ ಕಳೆದ ಮಾರ್ಚಿನಲ್ಲಿ ಒಂದು ದಿನದ ಕೂಸನ್ನು ಮಣ್ಣು ಮಾಡಿ ಬಂದವಳು, ಮನೆ ಬಿಟ್ಟು ಹೊರಬಂದದ್ದೇ ಇವತ್ತು. ಅವಳು ಮಂಚದ ಸುತ್ತ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಕೌದಿಯ ಮೇಲೆ ಕೈಯಿಟ್ಟಳು.

“ಅಜ್ಜಿ ಕೈಲಾಯ್ತು ಅಂದ್ರೆ ನನ್ ಕೈಲೂ ಆಗುತ್ತಮ್ಮ,” ಎಂದಳು.

೪
ಕಥೆಯ ಕೊನೆ, ಒಂದನೆಯದು: ನೆಡ್ರಾ ನಿಜ ಹೇಳುತ್ತಾಳೆ, ಬ್ರಿನ್ ಕೈ ಹಿಂದೆಗೆಯುತ್ತಾಳೆ. ಬರೆದೆ. ನೆಡ್ರಾ ಆ ಮಾತು ಹೇಳಲು ಒಪ್ಪಲಿಲ್ಲ.

ಎರಡನೆಯದು: ಏನೂ ಹೇಳದೆ ಎಲ್ಲರನ್ನೂ ಐಸ್‌ಕ್ರೀಮಿಗೆ ಕರೆದೊಯ್ಯುತ್ತಾಳೆ. ಇದಕ್ಕೂ ಅವಳ ಕಾಲು ಕದಲಲಿಲ್ಲ. ಒಂದು ಮಾತು ಆಡಿಬಿಡಿ ತಾಯಿ, ಕಥೆ ಮುಗಿಯಲಿ ಎಂದು ಗೋಗರೆದೆ.

“ಕಥೆಗೋಸ್ಕರ ನಾನೊಂದು ಮಗು ಸಾಯಿಸ್ದೆ, ತಪ್ಪು ಒಪ್ಕೋತೀನಿ,” ಎಂದಳು ನೆಡ್ರಾ. “ನನ್ ಮಗಳ ಕೂಸನ್ನ ಸಾಯಿಸಿದ್ದು ಯಾರು? ನೀವೇ ಹೋಗಿ ಹೇಳಿ ಅವಳಿಗೆ.”

೫
ಹಿಂದಕ್ಕೆ ಹೋಗಿ ಕೂಸನ್ನು ಬದುಕಿಸಿ ನೋಡಿದೆ. ಬ್ರಿನ್ ಪ್ರವಾಸಕ್ಕೇ ಬರಲಿಲ್ಲ. ಮಗುವಿಗೆ ಹಾಲೂಡಿಸುತ್ತ ಮನೆಯಲ್ಲೇ ಉಳಿದಳು, ಕಥೆ ಕುಸಿದುಬಿತ್ತು. ಬೀಳಲಿ ಬಿಡು ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆ ಸಾಲುಗಳನ್ನು ಹೊಡೆದುಹಾಕಿದೆ. (ಹೌದು, ಕೂಸು ಎರಡನೆಯ ಸಲ ಸತ್ತಿತು.)

೬
ಉಳಿದವರು ಅಂಗಳಕ್ಕಿಳಿದಿದ್ದರು. ಬ್ರಿನ್ ಕೌದಿಯ ಅಂಚು ಸವರುತ್ತ ಕೇಳಿದಳು:

“ಅಮ್ಮ, ಅಜ್ಜಿ ಆ ಮಗುಗೆ ಹೆಸರಿಟ್ಟಿದ್ರಾ? ನಾವು ಇಟ್ಟಿರ್ಲಿಲ್ಲ.”

ನೆಡ್ರಾ ನನ್ನ ಕಡೆ ನೋಡಿದಳು. ಒಂದು ಹೆಸರು ಕೊಡಿ ಎಂದೋ, ದಮ್ಮಯ್ಯ ಕೊಡಬೇಡಿ ಎಂದೋ, ನನಗೆ ತಿಳಿಯಲಿಲ್ಲ. ಆಮೇಲೆ ಮಗಳ ಪಕ್ಕ ಹೋಗಿ ನಿಂತು, ತಾನೂ ಆ ಕೌದಿಯ ಮೇಲೆ ಕೈಯಿಟ್ಟು, ಮಾತಾಡತೊಡಗಿದಳು. ನೀವು ಬೈದರೆ ಬೈಯಿರಿ, ಅವಳು ಹೇಳಿದ್ದನ್ನು ನಾನು ಬರೆಯುವುದಿಲ್ಲ.