ಅಪರಿಚಿತ ಬಾಲಕ

ಸಿಟ್ಟು ನನ್ನ ಹುಟ್ಟುಗುಣ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಸಜ್ಜನ ಎಂದು ತಿಳಿದು ಮೋಸಹೋಗಬಾರದು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಮೇಲೆ, ಧಾರವಾಡದ ನಮ್ಮ ಮಠದ ಹಳೆಯ ಫೋಟೋಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನೂರು ವರ್ಷಕ್ಕೂ ಹಿಂದಿನ ಗಾಜಿನ ನೆಗೆಟಿವ್‌ಗಳೇ ನಾನೂರು ಇವೆ. ಅವನ್ನು ಕಂಪ್ಯೂಟರಿಗೆ ಏರಿಸಲು ಹುಬ್ಬಳ್ಳಿಯ ಒಂದು ಸ್ಟುಡಿಯೋದಿಂದ ಮೈಮುನಾ ಎಂಬ ಹುಡುಗಿ ದಿನಾ ಬರುತ್ತಾಳೆ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆತ್ತಗೆ. ನನ್ನ ಜೊತೆ ಹೇಗೆ ಏಗುತ್ತಾಳೋ ದೇವರಿಗೇ ಗೊತ್ತು.

ಈ ಕೆಲಸದ ದೊಡ್ಡ ಪೀಡೆ ಎಂದರೆ ಭಕ್ತರು. ಫೋಟೋದಲ್ಲಿ ಒಂದು ರುಮಾಲು ಕಂಡರೆ ಸಾಕು, “ಇಂವ ನಮ್ಮ ಮುತ್ಯಾ” ಎನ್ನುತ್ತಾರೆ. ಒಬ್ಬನೇ ಮುದುಕನಿಗಾಗಿ ಮೂರು ಮನೆತನದವರು ಜಗಳಾಡಿ ಹೋಗಿದ್ದಾರೆ. ಆಧಾರ ಏನ್ರಿ ಎಂದರೆ “ಮೂಗ ನೋಡ್ರಿ” ಅಂತೆ! ಅದಕ್ಕೇ ಈ ಸಲದ ಪ್ರದರ್ಶನದಲ್ಲಿ, ಆಧಾರವಿಲ್ಲದ ಎಲ್ಲರ ಕೆಳಗೂ ‘ಅಪರಿಚಿತ’ ಎಂದೇ ಬರೆಸಿದ್ದೆ.

ಸೋಮವಾರ ಉದ್ಘಾಟನೆ. ಶನಿವಾರ ಮಧ್ಯಾಹ್ನ ಉಪ್ಪಿನಬೆಟಗೇರಿಯ ಶಿವಲಿಂಗವ್ವ ಬಂದಳು. ಎಂಬತ್ತನಾಲ್ಕು ವರ್ಷ, ಆದರೂ ಕೋಲು ಹಿಡಿದವಳಲ್ಲ. ಕಂಕುಳಲ್ಲಿ ಟಾವೆಲ್ ಸುತ್ತಿದ ಒಂದು ಕಟ್ಟು ಹಾಕಿಸಿದ ಫೋಟೋ. ಗೋಡೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಬಂದವಳು ‘ಹಿರಿಯ ಸ್ವಾಮಿಗಳೊಂದಿಗೆ ಅಪರಿಚಿತ ಬಾಲಕ, ೧೯೧೮’ ಎಂಬುದರ ಮುಂದೆ ನಿಂತುಬಿಟ್ಟಳು. ಮಠದ ಹಳೆಯ ಆಲ್ಬಮ್ಮಿನಲ್ಲಿದ್ದ ಪ್ರಿಂಟು ಅದು.

“ಯಾಂವ ಇದನ್ನ ಬರದಾಂವ?”

ನಾನು ಎಂದೆ. ಮಠದ ಕಮಿಟಿಯವರು ನಾಲ್ಕು ಮಂದಿ ಅಲ್ಲೇ ನಿಂತಿದ್ದರು.

“ಕಲತಾಂವ ಅದಿ, ಕಣ್ಣ ಇಲ್ಲೇನು ನಿನಗ? ಇಂವ ನಮ್ಮಪ್ಪ, ಗುರುಸಿದ್ದಯ್ಯ! ನಾ ಹೊಟ್ಟ್ಯಾಗ ಇದ್ದಾಗ ತೀರಿಕೊಂಡಾ. ತಿಳುವಳಿಕಿ ಬಂದಾಗಿಂದ ಈ ಮಾರಿ ನೋಡಕೋತ ಬಂದೇನಿ. ದಿನಾ ಮುಂಜಾನಿ ಇವನ ಮುಂದ ಕುಂತು ನನ್ನ ಸುಖಾ ದುಃಖಾ ಹೇಳತೇನಿ. ಅಪರಿಚಿತ ಅಂತ, ಅಪರಿಚಿತ! ನಿಮ್ಮಪ್ಪನ ಕೆಳಗ ಬರಿ ಹಂಗ!”

ಹಾಗೆಂದವಳೇ ಕೆಳಗಿನ ಚೀಟಿಯನ್ನು ಪರ್ರನೆ ಕಿತ್ತಳು. ಟಾವೆಲ್ ಬಿಚ್ಚಿ ತನ್ನ ಫೋಟೋ ತೋರಿಸಿದಳು. ಅದೇ ಪ್ರಿಂಟು. ಕಮಿಟಿಯವರು ನಕ್ಕರು. “ಅವ್ವಾರು ಹೇಳಿದಂಗ ಬರಸ್ರಿ ಸರ, ಏನಾಗತದ?” ಎಂದ ಒಬ್ಬ. ನನಗೆ ಮೈಯೆಲ್ಲ ಉರಿಯಿತು. ಶಿವಲಿಂಗವ್ವನನ್ನು ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಡಿಸಿ, ಒಳಗೆ ಹೋಗಿ ಮೈಮುನಾಗೆ ಹದಿನೆಂಟನೇ ಇಸವಿಯ ಪೆಟ್ಟಿಗೆ ತೆಗೆಯಲು ಹೇಳಿದೆ. ಅದನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ.

ಅರ್ಧ ತಾಸಿಗೆ ಆ ಫೋಟೋದ ಗಾಜು ಸಿಕ್ಕಿತು, ಮೈಮುನಾ ಅದನ್ನು ಕಂಪ್ಯೂಟರಿಗೆ ಏರಿಸಿದಳು. ಪ್ರಿಂಟಿನಲ್ಲಿ ಅಗಲವಾಗಿ ತೆರೆದಿದ್ದ ಹುಡುಗನ ಕಣ್ಣುಗಳು ಗಾಜಿನಲ್ಲಿ ಮುಚ್ಚಿದ್ದವು. ಆಗಿನ ಫೋಟೋದವನು ಪ್ರಿಂಟಿನ ಮೇಲೆ ಕಣ್ಣು ಬರೆದುಕೊಟ್ಟಿದ್ದ. ಬೆನ್ನ ಹಿಂದೆ ಗೋಡೆಗೆ ಒಂದು ಗೂಟ, ಗೂಟದಿಂದ ಎದೆಗೆ ಬಿಗಿದ ಹಗ್ಗ; ಅವನ್ನೂ ಪ್ರಿಂಟಿನಲ್ಲಿ ಮರೆಸಿದ್ದ. ನಮ್ಮಲ್ಲಿ ಸತ್ತವರನ್ನು ಹಾಗೆಯೇ ಗೋಡೆಗೆ ಆನಿಸಿ ಕೂರಿಸುತ್ತೇವಲ್ಲ, ಅದೇ. ತಲೆಯ ಮೇಲಿದ್ದ ಸ್ವಾಮಿಗಳ ಕೈ ಆಶೀರ್ವಾದ ಮಾಡುತ್ತಿರಲಿಲ್ಲ, ತಲೆ ವಾಲದಂತೆ ಹಿಡಿದಿತ್ತು. ಗಾಜನ್ನು ಇಟ್ಟಿದ್ದ ಲಕೋಟೆಯ ಮೇಲೆ ಮಸಿಯಲ್ಲಿ ಬರೆದಿತ್ತು: ‘ಉಪ್ಪಿನಬೆಟಗೇರಿ ಮಡಿವಾಳಯ್ಯ, ವಯಸ್ಸು ಆರು, ಜ್ವರದಿಂದ ಲಿಂಗೈಕ್ಯ. ಪಕ್ಕದಲ್ಲಿ ತಮ್ಮ ಗುರುಸಿದ್ದಯ್ಯ, ವಯಸ್ಸು ನಾಲ್ಕು.’

ಪ್ರಿಂಟಿನಲ್ಲಿ ಕತ್ತರಿಸಿ ಹೋಗಿದ್ದ ಆ ತಮ್ಮ ಗಾಜಿನ ಅಂಚಿನಲ್ಲಿ ನಿಂತಿದ್ದ. ಉದ್ದನೆಯ ಅಂಗಿ, ಅದರ ಗುಂಡಿ, ಬರಿಗಾಲು ಎಲ್ಲ ನಿಚ್ಚಳ. ಕುತ್ತಿಗೆಯಿಂದ ಮೇಲೆ ಮಾತ್ರ ಒಂದು ಬಿಳಿ ಮಸುಕು.

“ಸರ, ಹೇಳಬ್ಯಾಡ್ರಿ,” ಎಂದಳು ಮೈಮುನಾ. “ಅಜ್ಜಿ ಹೇಳಿದ ಹೆಸರ ಬರದು ಕೊಟ್ಟುಬಿಡೋಣು. ಯಾರಿಗೂ ಲುಕ್ಸಾನ ಇಲ್ಲ.”

“ಇತಿಹಾಸಕ್ಕ ಲುಕ್ಸಾನ ಅದ,” ಎಂದೆ. ಸುಳ್ಳು. ಆಗ ನನ್ನ ತಲೆಯಲ್ಲಿ ಇದ್ದದ್ದು ಆ ನಾಲ್ಕು ಮಂದಿಯ ನಗು ಮಾತ್ರ.

ಶಿವಲಿಂಗವ್ವನನ್ನು ಒಳಗೆ ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದೆ.

“ಇದು ಹೆಣ ಅವ್ವಾರ,” ಎಂದೆ. ಮೆತ್ತಗೆ ಹೇಳಲು ನನಗೆ ಬಾರದೆಂದಲ್ಲ. ಬೇಕೆಂದೇ ಹಾಗೆ ಹೇಳಿದೆ.

ಹಗ್ಗ ತೋರಿಸಿದೆ, ಮುಚ್ಚಿದ ಕಣ್ಣು ತೋರಿಸಿದೆ. ಲಕೋಟೆಯನ್ನು ಎರಡು ಸಲ ಓದಿದೆ. ಅವಳು ಟಾವೆಲ್ ಸುತ್ತಿದ ತನ್ನ ಫೋಟೋವನ್ನು ಎದೆಗೆ ಅವುಚಿಕೊಂಡಳು. ನನಗೆ ಖುಷಿಯಾಯಿತು.

“ಹಂಗಾರ ನಮ್ಮವ್ವ ನನಗ ಸುಳ್ಳ ಹೇಳಿದಳೇನ್ರಿ?” ಎಂದಳು ಕೊನೆಗೆ. ‘ನೀ’ ಹೋಗಿ ‘ರಿ’ ಬಂದಿತ್ತು.

“ಹೇಳಿರಬೇಕು. ತೋರಿಸಾಕ ಆಕಿ ಹತ್ರ ಬ್ಯಾರೆ ಏನಿತ್ತು?”

“ನಮ್ಮಪ್ಪ ಯಾಂವ್ರಿ ಇದರಾಗ?”

ಚಿತ್ರವನ್ನು ಅಂಚಿಗೆ ಸರಿಸಿದೆ. ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು.

“ಮಾರಿ ಎಲ್ಲೈತ್ರಿ?”

“ಆಗಿನ ಕ್ಯಾಮೆರಾದ ಮುಂದ ಅಳ್ಳಾಡದಂಗ ನಿಲ್ಲಬೇಕಿತ್ತು. ಸತ್ತಾಂವ ಅಳ್ಳಾಡಲಿಲ್ಲ, ಅವನ ಮಾರಿ ಛಲೋ ಬಂದದ. ನಿಮ್ಮಪ್ಪ ಅಣ್ಣನ್ನ ನೋಡಿ ಅತ್ತಿರಬೇಕು. ಮಾರಿ ಅಳಿಸಿ ಹೋಗೇದ.”

“ದೊಡ್ಡದ ಮಾಡ್ರಿ.”

ಮಾಡಿದೆ. ಮಸುಕು ದೊಡ್ಡದಾಯಿತು.

“ಇನ್ನೂ.”

ಅದರಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅವಳು ಕೇಳಿದಷ್ಟೂ ಸಲ ದೊಡ್ಡದು ಮಾಡಿದೆ. ಪರದೆಯ ತುಂಬ ಬೂದು ಚುಕ್ಕೆಗಳಷ್ಟೇ ಉಳಿದವು. ಅವಳು ಬಗ್ಗಿ, ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಹುಡುಕಿದಳು. “ಅಜ್ಜೀ, ಸಾಕ್ರಿ,” ಎಂದು ಮೈಮುನಾ ಅವಳ ಭುಜ ಹಿಡಿದಳು. ಹುಡುಗಿಯ ಕಣ್ಣಲ್ಲಿ ನೀರಿತ್ತು. ಮುದುಕಿ ಅಳಲಿಲ್ಲ.

ಟಾವೆಲ್ ಬಿಚ್ಚಿ ತನ್ನ ಫೋಟೋವನ್ನು ಮೇಜಿನ ಮೇಲಿಟ್ಟಳು. ಕಟ್ಟಿನ ಗಾಜಿನ ಮೇಲೆ ಅವತ್ತು ಮುಂಜಾನೆ ಹಚ್ಚಿದ ವಿಭೂತಿ ಇತ್ತು. ಅದನ್ನು ಹೆಬ್ಬೆರಳಿನಿಂದ ತಿಕ್ಕಿ ಒರೆಸಿ, ಬರಿಯ ಟಾವೆಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು.

“ಫೋಟೋ ಒಯ್ಯೂದಿಲ್ಲೇನ್ರಿ?” ಎಂದೆ.

“ಒಯ್ದು ಯಾರ ಜೋಡಿ ಮಾತಾಡಲಿ?” ಎಂದಳು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. “ಮುಂಜಾನಿ ಮನಿ ಬಿಟ್ಟಾಗ ನನಗ ಅಪ್ಪ ಇದ್ದನ್ರಿ, ಸರ.”

ಮೈಮುನಾ ಅವಳನ್ನು ಬಸ್ಸಿಗೆ ಹತ್ತಿಸಲು ಹಿಂದೆಯೇ ಓಡಿದಳು. ನಾನು ಫೋಟೋವನ್ನು ಬೋರಲು ಹಾಕಿ, ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಿಂದ ಮಠದ ನಂಬರು ಬರೆದೆ.