ತಡೆಕಂಬಿ

ಮೇಜಿನ ಮೇಲೆ ಕೊಂಡಪ್ಪನವರ ಬೀಗದಕೈ ಗೊಂಚಲು ಮತ್ತೆ ಝಲ್ಲೆಂದಿತು, ಐದಕ್ಕೆ ಇನ್ನೂ ಹತ್ತು ನಿಮಿಷವಿದೆ, ಈ ಲೈಬ್ರರಿಯವರಿಗೆ ಮನೆಗೆ ಹೋಗಲು ಅದೇನು ಆತುರವೋ—ಬೇಗ ನೋಡಮ್ಮ ಶಶಿರೇಖಾ, ಒಂದ್ ಕಾರ್ಡಿಗೆ ಒಂದೇ ಪುಸ್ತಕ, ರೂಲ್ಸು ನಾನ್ ಮಾಡಿದ್ದಲ್ಲ—ಒಂದೇ ಅಂತೆ, ಎಡಗೈಯಲ್ಲಿ ಕಾರ್ಮಿಕ ಸಮಾಜಶಾಸ್ತ್ರ, ಬಲಗೈಯಲ್ಲಿ ಕೆಲಸದ ಅಪಾಯಗಳ ಅರ್ಥಶಾಸ್ತ್ರ, ಸೋಮವಾರ ಎಂ.ಎ. ಪ್ರಬಂಧದ ವಿಷಯ ಬರೆದುಕೊಡಬೇಕು, ದೊಡ್ಡಬಳ್ಳಾಪುರದ ಮಗ್ಗದವರ ಮೇಲೇ ಬರಿ, ನಿನಗೆ ಗೊತ್ತಿರೋದೇ ಅಲ್ವಾ ಎಂದಿದ್ದರು ಮೇಷ್ಟ್ರು, ಗೊತ್ತಿರುವುದೇ ತಾನೇ ಪೀಕಲಾಟ, ಬಲಗೈಯದನ್ನು ತೆರೆದರೆ ಅಪಾಯ ಹೆಚ್ಚಿದ್ದಲ್ಲಿ ಕೂಲಿ ಹೆಚ್ಚು, ಕಾರ್ಮಿಕ ತಿಳಿದೇ ಆರಿಸಿಕೊಳ್ಳುತ್ತಾನೆ—ಥೂ, ಯಾರಪ್ಪಾ ಇವನು, ಅಮ್ಮ ಏನು ಆರಿಸಿಕೊಂಡಳು, ನಡುಮನೆಯಲ್ಲೇ ಪವರ್‌ಲೂಮು, ಒಲೆಗೂ ಮಗ್ಗಕ್ಕೂ ನಾಲ್ಕು ಹೆಜ್ಜೆ, ಇವತ್ತು ಬೆಳಿಗ್ಗೆಯೂ ಬಚ್ಚಲ ಒಲೆಯ ಕೆಂಡವನ್ನು ಮಗ್ಗದಿಂದ ಬಿಚ್ಚಿದ ಅದೇ ಕಂಬಿಯಲ್ಲಿ ಕೆದಕುತ್ತಿದ್ದಳು, ಒಂದೇ ಕಣ್ಣಲ್ಲಿ ನೋಡಿಕೊಂಡು, ಅದನ್ನು ಆಚೆ ಎಸೆಯಮ್ಮ ಅಂದರೆ ಗಟ್ಟಿ ಕಬ್ಬಿಣ ಕಣೇ ಅನ್ನುತ್ತಾಳೆ.

ಎಡಗೈಯದರಲ್ಲಿ ಬೇರೆ ರಾಗ—ಯಂತ್ರದ ರಕ್ಷಣೆ ಕಳಚುವುದು ಕಾರ್ಮಿಕರ ಗುಂಪಿನ ರೂಢಿ—ರೂಢಿಯೇ ಸ್ವಾಮಿ, ಬೀದಿಯಲ್ಲಿ ಯಾವ ಮಗ್ಗಕ್ಕೆ ತಡೆಕಂಬಿ ಉಳಿದಿತ್ತು, ಲಾಳಿ ಹೊರಗೆ ಹಾರದಿರಲೆಂದು ಹಾಕಿದ್ದು, ಎಳೆ ಕಡಿದಾಗಲೆಲ್ಲ ಕೈಗೆ ಅಡ್ಡ, ಮದುವೆ ಸೀಸನ್ನು, ಸೀರೆ ಶುಕ್ರವಾರಕ್ಕೆ ಬೇಕು—ಲೇ ಶಶಿ, ಆ ಕಂಬಿ ಬಿಚ್ಚಾಕೇ, ಪಕ್ಕದ್ಮನೆ ಮುತ್ತಮ್ಮ ಯಾವಾಗ್ಲೋ ಬಿಚ್ಚವ್ಳೆ—ತೊಂಬತ್ತೊಂದರ ಪಿಯುಸಿ ರಜೆ, ಎರಡೇ ಬೋಲ್ಟು, ಸ್ಪ್ಯಾನರ್ ಹಿಡಿದ ಕೈ ಇದೇ, ಮೂರನೇ ದಿನ ಲಾಳಿ ಹಾರಿತು, ಮಗ್ಗದ ಸದ್ದಿನಲ್ಲಿ ಅಮ್ಮ ಕೂಗಿದ್ದೂ ಕೇಳಲಿಲ್ಲ, ಬಾಯಿ ತೆರೆದಿತ್ತು ಅಷ್ಟೆ, ಬಲಗಣ್ಣಿಗೆ ಒತ್ತಿದ ಸೆರಗು ಕೆಂಪಾಗುತ್ತಿತ್ತು, ಹೋಗ್ಲಿ ಬಿಡೇ, ನಾನೇ ಹೇಳಿದ್ದಲ್ವಾ—ಅಯ್ಯೋ, ಒಂದು ಸಲ ಬೈದು ಬಿಡಬಾರದಾಗಿತ್ತೇ ಅಮ್ಮ, ಎರಡೇಟು ಹಾಕಬಾರದಾಗಿತ್ತೇ, ಈ ಪುಸ್ತಕಗಳೂ ಅಷ್ಟೇ, ಬಲಗೈಯದು ತಪ್ಪನ್ನು ಅಮ್ಮನ ಮೇಲೆ ಹಾಕುತ್ತದೆ, ಎಡಗೈಯದು ಇಡೀ ಬೀದಿಯ ಮೇಲೆ—ಯಾವ್ದಮ್ಮ, ಬೇಗ—ಎಡಗೈಯದು ತಾನಾಗಿ ಮುಂದೆ ಹೋಯಿತು, ಬೀದಿಯ ನಲವತ್ತು ಮಗ್ಗಗಳ ನಡುವೆ ಸ್ಪ್ಯಾನರ್ ಹಿಡಿದ ಒಂದು ಕೈ ಎಲ್ಲಿ ಬೇಕಾದರೂ ಅಡಗಿಕೊಳ್ಳಬಹುದು, ಅದಕ್ಕೇನಾ, ಅದಕ್ಕೇನಾ ಇದು ಬೇಕಾದದ್ದು, ಕೊಂಡಪ್ಪನವರು ಸೀಲು ಒತ್ತಿಯೇಬಿಟ್ಟರು, ಸಮಾಜಶಾಸ್ತ್ರ ಚೆನ್ನಾಗೈತೆ ತಗೊಳ್ಳಮ್ಮ, ಮನೆಗೆ ಹೋದರೆ ಅಮ್ಮ ನೀರು ಕಾಯಿಸುತ್ತಿರುತ್ತಾಳೆ, ಕೆಂಡದಲ್ಲಿ ಆ ಕಂಬಿ, ಎರಡು ತುದಿಯಲ್ಲೂ ಒಂದೊಂದು ತೂತು, ಬೋಲ್ಟಿಲ್ಲದ ತೂತು