ಅಲೋನ್ಜೊನ ಎಡ ಮಂಡಿ

ಮೆಂಫಿಸ್‌ನ ಸೈಕಮೋರ್ ಬೀದಿಯ ಹಳೇ ಥಿಯೇಟರಿನಲ್ಲಿ ಇರುವುದೇ ಎಂಬತ್ತು ಕುರ್ಚಿ. ಅಂದು ಅಷ್ಟೂ ತುಂಬಿದ್ದವು. ಆದರೆ ಮುದುಕ ಅಲೋನ್ಜೊ ಹಾಡುತ್ತಿದ್ದದ್ದು ಒಬ್ಬಳಿಗೇ. ಬಿಳಿ ಕೈಗವಸು ತೊಟ್ಟು, ಒಂದು ಕೈ ಬೆನ್ನ ಹಿಂದಿಟ್ಟು, ಭಾನುವಾರ ಚರ್ಚಿನಲ್ಲಿ ಆವೇಶ ಬಂದು ಬಿದ್ದವರನ್ನು ಎತ್ತಲು ನಿಲ್ಲುವ ಹಾಗೆಯೇ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುತ್ತಿದ್ದ ವರ್ನೀಟಾಗೆ. ಅವನನ್ನು ಬಿಟ್ಟುಹೋಗಿ ಒಂಬತ್ತು ವರ್ಷವಾದ ಹೆಂಡತಿ ಅವಳು.

ಬಿಟ್ಟುಹೋಗಲು ಕಾರಣ ಇನ್ನೊಬ್ಬಳಲ್ಲ, ಒಂದು ಕೆಂಪು ಮಖಮಲ್ಲಿನ ಹೊದಿಕೆ. ಸೋಲ್ ಎಂಬ, ಎದೆ ಬಿರಿಯುವಂತೆ ಹಾಡುವ ಕರಿಯರ ಸಂಗೀತದವನು ಅಂದಮೇಲೆ ಕೊನೆಯ ಹಾಡಿನಲ್ಲಿ ಮಂಡಿಯೂರಿ "ಮರಳಿ ಬಾರೇ" ಎಂದು ಬೇಡಬೇಕು. ಬೇಡಿ ಬೇಡಿ ಕುಸಿಯಬೇಕು. ಆಗ ಜೊತೆಗಾರ ಬಂದು ಹೊದಿಕೆ ಹೊದಿಸಿ ನಡೆಸಿಕೊಂಡು ಹೋಗಬೇಕು. ಬಾಗಿಲವರೆಗೂ ಹೋದವನು ಡ್ರಮ್ಮಿನ ಏಟು ಬಿದ್ದೊಡನೆ ಹೊದಿಕೆ ಕಿತ್ತೆಸೆದು ಓಡಿಬಂದು ಮತ್ತೆ ಮಂಡಿಯೂರಬೇಕು. ಜನ ಹುಚ್ಚೆದ್ದು ಕುಣಿಯುತ್ತಿದ್ದರು. ವರ್ನೀಟಾ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಳು. ಕಡೆಗೊಂದು ದಿನ, "ಊರ ಹೆಂಗಸರಿಗೆಲ್ಲಾ ಮಂಡಿಯೂರ್ತೀಯ. ನೀನು ಬೇಡೋದನ್ನ ನಂಬೋ ಕಿವಿ ನನ್ನ ಹತ್ರ ಉಳಿದಿಲ್ಲ," ಎಂದು ಹೊರಟುಬಿಟ್ಟಳು. ನ್ಯಾಯವಾದ ಮಾತೇ. ಅದು ತಲೆಗೆ ಹೋಗಲು ಅವನಿಗೆ ಒಂಬತ್ತು ವರ್ಷ ಹಿಡಿಯಿತು. ಗಂಡಸರ ಲೆಕ್ಕದಲ್ಲಿ ಬೇಗನೇ ಅನ್ನಿ.

ಅಂದು ಕೊನೆಯ ಹಾಡಿನಲ್ಲಿ, ಈ ಸಲ ನಿಜವಾಗಿ ಬೇಡೋಣ ಎಂದು ಮಂಡಿಯೂರಿದ. ಎಡ ಮಂಡಿ ಕಟಕ್ಕೆಂದು ಹಿಡಿದುಕೊಂಡಿತು. ಏಳಲು ನೋಡಿದ, ಆಗಲಿಲ್ಲ.

"ನನ್ನ ಎತ್ರಪ್ಪಾ!" ಎಂದು ಮೈಕಿನಲ್ಲೇ ಕೂಗಿದ.

"ಹೇಳು ಮಗನೇ, ಹೇಳು!" ಎಂದಿತು ಮೊದಲ ಸಾಲು.

"ತಮಾಷೆ ಅಲ್ಲ, ಜೀವ ಹೋಗ್ತಿದೆ!"

"ನಮ್ದೂ ಹೋಗಿದೆಯಪ್ಪ, ಪ್ರೀತಿ ಅಂದ್ರೆ ಹಂಗೇ!" ಎನ್ನುತ್ತ, ಚರ್ಚಿನವರೆಲ್ಲ ಸಿಸ್ಟರ್ ಎಂದೇ ಕರೆಯುವ ಮೇಬೆಲ್ ಎದ್ದು ನಿಂತಳು. ಚರ್ಚಿನಲ್ಲಿ ಪಾದ್ರಿಗೆ ಹೇಗೋ ಇಲ್ಲಿ ಹಾಡುಗಾರನಿಗೂ ಹಾಗೆಯೇ, ಕೂಗಿಗೆ ಮರುಕೂಗು ಕೊಡಲೇಬೇಕು. ಕೊಡುವ ಭರದಲ್ಲಿ ಅವನು ಏನಂದನೆಂದು ಕೇಳುವವರು ಯಾರು? ಬ್ಯಾಂಡಿನವರು ಅವನ ನರಳಾಟಕ್ಕೂ ತಾಳ ಹಾಕಿದರು.

ಹೊದಿಕೆ ಹಿಡಿದು ಅವನ ಜೊತೆಗಾರ, ದಾಯಾದಿ ಹೋಸಿಯಾ ಬಂದ. "ಸಾಕು, ಏಳೋ."

"ಮಂಡಿ ಹಿಡ್ಕೊಂಡಿದೆ ಕಣೋ!"

"ಹೊಸದು, ಚೆನ್ನಾಗಿದೆ. ಹಂಗೇ ಮುಂದುವರ್ಸು," ಎಂದು ಹೋಸಿಯಾ ಹೊದಿಸಿದ. ಡ್ರಮ್ಮು ಮೊಳಗಿತು. ಅಲೋನ್ಜೊನ ಹೆಗಲು ಅವನನ್ನು ಒಂದು ಮಾತೂ ಕೇಳದೆ ಹೊದಿಕೆಯನ್ನು ಕಿತ್ತೆಸೆಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಮತ್ತೆ ಹೊದಿಸಿದ, ಮತ್ತೆ ಹಾರಿತು. ಈ ಸಲ ಸಿಸ್ಟರ್ ಮೇಬೆಲ್‌ಳ ತಲೆಯ ಮೇಲೆ ಬಿತ್ತು. ಅವಳು ಅದನ್ನು ದೇವರ ಅಪ್ಪಣೆಯೆಂದು ತಿಳಿದು ತನ್ನ ಗಂಡನನ್ನು ನಿಂತಲ್ಲೇ ಕ್ಷಮಿಸಿದಳು. ತಾನು ಏನು ಮಾಡಿದ್ದೆನೆಂದು ಗಂಡನಿಗೆ ಗೊತ್ತಿರಲಿಲ್ಲ. ಮೂರನೇ ಸಾಲಿನಲ್ಲಿದ್ದ ಚರ್ಚಿನ ಹಿರಿಯ, ಡೀಕನ್ ಟಾಲ್ಬರ್ಟ್, ಆವೇಶ ತಡೆಯಲಾರದೆ ತಾವೂ ಮಂಡಿಯೂರಿ ತಾವೂ ಸಿಕ್ಕಿಕೊಂಡರು.

ಆಗ ವರ್ನೀಟಾ ಮೆಲ್ಲಗೆ ನಡೆದುಬಂದು ವೇದಿಕೆ ಹತ್ತಿ ಬಗ್ಗಿದಳು.

"ಯಾವ ಮಂಡಿ?"

"ಎಡದ್ದು." ಅಲೋನ್ಜೊನಿಗೆ ಅಳು ಬಂದುಬಿಟ್ಟಿತು. ಅವನನ್ನು ಯಾರಾದರೂ ನಿಜವಾಗಿ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

ಕಂಕುಳಿಗೆ ಕೈಕೊಟ್ಟು ಎತ್ತಿದಳು. "ನಂಬಬೇಡ ಕಣೇ, ಎಲ್ರೂ ಹಿಂಗೇ ಬೇಡೋದು!" ಎಂದು ಹೆಂಗಸರು ಕೂಗಿದರು. "ಕರ್ಕೊಂಡು ಹೋಗಮ್ಮ, ಪಾಪ!" ಎಂದರು ಗಂಡಸರು.

"ಕ್ಷಮಿಸಿದ್ಯಾ?" ಅಲೋನ್ಜೊ ಪಿಸುಗುಟ್ಟಿದ.

"ಇಲ್ಲ. ಬಿದ್ದೋರನ್ನ ಎತ್ತೋದು ಈ ಕೈಗವಸಿನ ಕೆಲ್ಸ." ಮೇಬೆಲ್ ಮರಳಿಸಿದ ಹೊದಿಕೆಯನ್ನು ಹೊದಿಸಿ ಪಕ್ಕದ ಬಾಗಿಲತ್ತ ನಡೆಸಿದಳು. "ಮನೇಲಿ ಸೊಪ್ಪು ಬೇಯಿಸಿಟ್ಟಿದೀನಿ. ಇಬ್ಬರಿಗಾಗುತ್ತೆ."

ಬಾಗಿಲು ಬಂತು. ಡ್ರಮ್ಮು ಮೊಳಗಿತು. ಅಲೋನ್ಜೊನ ಹೆಗಲು ಜಿಗಿಯಿತು.

ವರ್ನೀಟಾ ಕೈ ಬಿಟ್ಟಳು. "ಎಸೀಬೇಕಾದ್ರೆ ಎಸಿ. ಕಾರಲ್ಲಿ ಕೂತು ಕಾಯೋಳು ನಾನಲ್ಲ."

ಅವನು ಎರಡೂ ಕೈಯಿಂದ ಹೊದಿಕೆಯನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡ. "ಚಳಿ ಕಣೇ," ಎಂದ. ಸೆಕೆಗೆ ಬೆವರು ಸುರಿಯುತ್ತಿತ್ತು.

ಡ್ರಮ್ಮಿನವನು ಮತ್ತೆ ಬಾರಿಸಿದ, ಮತ್ತೂ ಬಾರಿಸಿದ. ಅವರಿಬ್ಬರೂ ಮೆಟ್ಟಿಲಿಳಿಯುವಾಗ ಒಳಗಿಂದ "ನನ್ನ ಎತ್ರಪ್ಪಾ!" ಎಂಬ ಡೀಕನ್ ಟಾಲ್ಬರ್ಟರ ಆರ್ತನಾದ ಕೇಳಿಸಿತು. "ಹೇಳಿ ಡೀಕನ್, ಹೇಳಿ!" ಎಂದು ಜನ ಮರುಕೂಗು ಕೊಟ್ಟರು.

"ಅವರದ್ದು ಯಾವ ಮಂಡಿಯೋ," ಎಂದಳು ವರ್ನೀಟಾ.

"ಅದನ್ನ ಅವರ ಹೆಂಡ್ತಿ ಕೇಳ್ಬೇಕು," ಎಂದ ಅಲೋನ್ಜೊ.